ಅಜ್ಜಿಯ ಹೆಸರು ಬರೆದಿಡೋಣ



ನಿಮ್ಮ ಅಜ್ಜನ ಹೆಸರೇನು? ಥಟ್ಟನೆ ಹೇಳುತ್ತೀರಿ. ಮುತ್ತಜ್ಜನ ಹೆಸರು? ಅದನ್ನೂ ಹೇಳುತ್ತೀರಿ. ಮುತ್ತಜ್ಜಿಯ ಹೆಸರು? ಆಕೆಯ ತವರೂರು?

ಅಣ್ಣಿಗೇರಿಯ ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ಸಂಜೆ ನಾವು ಈ ಪ್ರಶ್ನೆ ಕೇಳಿದೆವು. ಎಲ್ಲರೂ ಸುಮ್ಮನಾದರು. ಒಬ್ಬ ಅಕ್ಕ ಹೇಳಿದರು: “ನಮ್ಮ ಆಯೀನ ಎಲ್ಲಾರೂ ‘ಆಯಿ’ ಅಂತಿದ್ರು. ಆಕಿಗೊಂದು ಹೆಸರಿತ್ತು ಅನ್ನೋದ ಮರತೇವಿ ನೋಡ್ರಿ.”

ಬಾಯಲ್ಲಿ ಮಾತ್ರ ಇದ್ದ ಹೆಸರು ಮರೆತುಹೋಗುತ್ತದೆ. ಬರೆದಿಟ್ಟ ಹೆಸರು ಉಳಿಯುತ್ತದೆ. ಇದಕ್ಕೆ ನಮ್ಮ ಊರಿನದೇ ಒಂದು ಸಾಕ್ಷಿ ಇದೆ.

ಕಲ್ಲಿನ ಮೇಲೆ ಉಳಿದ ತಾಯಿ

ಪಂಪ ಕನ್ನಡದ ಆದಿಕವಿ. ಸಾವಿರ ವರ್ಷಕ್ಕೂ ಹಿಂದಿನವನು. ಭಾರತದ ಕಥೆಯನ್ನು ಕನ್ನಡದಲ್ಲಿ ಕಾವ್ಯ ಮಾಡಿದ. ಅದರಲ್ಲಿ ತನ್ನ ತಂದೆಯ ಕಡೆಯ ಹಿರಿಯರ ಹೆಸರು ಹೇಳಿದ. ಆದರೆ ಅವನ ತಾಯಿ ಯಾರು?

ಅದನ್ನು ತಿಳಿಸಿದವನು ಪಂಪನ ತಮ್ಮ ಜಿನವಲ್ಲಭ. ಅವನು ಒಂದು ಗುಡ್ಡದ ಬಂಡೆಯ ಮೇಲೆ ಶಾಸನ ಕೆತ್ತಿಸಿದ. ಆ ಗುಡ್ಡ ಈಗಿನ ತೆಲಂಗಾಣದ ಕರೀಂನಗರ ಜಿಲ್ಲೆಯ ಕುರ್ಕ್ಯಾಲದಲ್ಲಿದೆ. ಶಾಸನದಲ್ಲಿ ಕನ್ನಡ, ತೆಲುಗು, ಸಂಸ್ಕೃತ ಮೂರೂ ಇವೆ. ಅದರಲ್ಲಿ ತಂದೆ ಭೀಮಪಯ್ಯನ ಹೆಸರಿದೆ. ತಾಯಿ ಅಬ್ಬಣಬ್ಬೆಯ ಹೆಸರೂ ಇದೆ. ಆಕೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದೂ ಇದೆ.

ನೋಡಿರಿ, ಒಬ್ಬ ಮಗ ಬರೆಸಿಟ್ಟ. ಅದಕ್ಕೇ ನಮ್ಮೂರಿನ ಆ ಹೆಣ್ಣುಮಗಳ ಹೆಸರು ಇಂದಿಗೂ ಉಳಿದಿದೆ.

ಹೆಳವರ ಲೆಕ್ಕ

ನಮ್ಮ ಕಡೆ ವಂಶದ ಹೆಸರು ಕಾಯ್ದವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಊರಿಗೆ ಬರುತ್ತಿದ್ದರು. ಬಾಗಿಲಲ್ಲಿ ನಿಂತು ಮನೆತನದ ಹಿರಿಯರ ಹೆಸರು ಸಾಲಾಗಿ ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಳ್ಳುತ್ತಿದ್ದರು. ಮನೆಯವರು ಕಾಳು, ಬಟ್ಟೆ ಕೊಡುತ್ತಿದ್ದರು. ನಿಮ್ಮ ಮನೆಗೆ ಬರುವ ಹೆಳವರಿದ್ದರೆ ತಪ್ಪದೆ ಕೇಳಿರಿ. ಅವರ ಲೆಕ್ಕ ಹೆಚ್ಚಾಗಿ ಗಂಡುಮಕ್ಕಳ ಸಾಲು. ಹೆಣ್ಣುಮಕ್ಕಳ ಸಾಲನ್ನು ನಾವೇ ಹುಡುಕಬೇಕು.

ಎಲ್ಲಿ ಹುಡುಕಬೇಕು?

ಮೊದಲು ಮನೆಯ ಟ್ರಂಕು ತೆಗೆಯಿರಿ. ರೇಷನ್ ಕಾರ್ಡು, ಲಗ್ನಪತ್ರಿಕೆ, ಹಳೆಯ ಫೋಟೋ ಸಿಗುತ್ತವೆ. ಫೋಟೋದ ಹಿಂಬದಿಯನ್ನೂ ನೋಡಿರಿ.

ಆಮೇಲೆ ಸಾಲಿಯ ದಾಖಲೆ ಪುಸ್ತಕ. ಸಾಲಿ ಕಲಿತವರಿದ್ದರೆ ಅವರ ಹೆಸರು, ಹುಟ್ಟಿದ ತಾರೀಖು ಅದರಲ್ಲಿರುತ್ತದೆ. ಆದರೆ ಒಂದು ಮಾತು. ತಾರೀಖು ಗೊತ್ತಿಲ್ಲದಿದ್ದರೆ ನಮ್ಮಂಥ ಮಾಸ್ತರರೇ ಅಂದಾಜಿನಿಂದ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಅದನ್ನು ಪೂರ್ತಿ ನಂಬಬಾರದು.

ಮೂರನೆಯದು ಹೊಲದ ಉತಾರ ಮತ್ತು ಡೈರಿ. ಹೊಲ ಒಬ್ಬರ ಹೆಸರಿನಿಂದ ಇನ್ನೊಬ್ಬರಿಗೆ ಹೋದದ್ದು ಡೈರಿಯಲ್ಲಿರುತ್ತದೆ. ಹಳೆಯ ದಾಖಲೆಗೆ ತಹಶೀಲ್ದಾರ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಅದರಲ್ಲಿ ಎರಡು ಮಾತು ಗುರುತಿಡಿರಿ. ‘ಕೋಂ’ ಎಂದರೆ ಹೆಂಡತಿ. ‘ಅ.ಪಾ.ಕ.’ ಎಂದರೆ ಅಜ್ಞಾನ ಪಾಲನಕರ್ತ. ಅಂದರೆ ಸಣ್ಣ ಮಕ್ಕಳ ಪರವಾಗಿ ನಿಂತ ಹಿರಿಯರು.

ಆ ಅಕ್ಕನ ಆಯಿ ಸಿಕ್ಕಿದ್ದು ಡೈರಿಯಲ್ಲೇ. ಗಂಡ ತೀರಿದ ಮೇಲೆ ಹೊಲ ಸಣ್ಣ ಮಕ್ಕಳ ಹೆಸರಿಗೆ ಬಂದಿತ್ತು. ಮುಂದೆ ‘ಅ.ಪಾ.ಕ. ತಾಯಿ’ ಎಂದು ಆಯಿಯ ಹೆಸರಿತ್ತು. ಅಕ್ಕ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಕಣ್ಣು ಒರೆಸಿಕೊಂಡು ಹೇಳಿದರು: “ನಮ್ಮಪ್ಪ ಸಣ್ಣಾವಿದ್ದಾಗ ಆಯೀನ ಹೊಲ ಮಾಡ್ಯಾಳ. ನಮಗ ಯಾರೂ ಹೇಳಿದ್ದಿಲ್ಲ.”

ಹೇಗೆ ಕೇಳಬೇಕು?

ಕಾಗದ ಹೇಳದ್ದನ್ನು ಹಿರಿಯರು ಹೇಳುತ್ತಾರೆ. “ಯಾವ ಇಸವಿಯಾಗ ಹುಟ್ಟೀರಿ?” ಎಂದರೆ ಅವರಿಗೆ ಗೊತ್ತಾಗದು. ದೊಡ್ಡ ಘಟನೆ ಹಿಡಿದು ಕೇಳಿರಿ.

“ಗಾಂಧೀಜಿ ತೀರಿದಾಗ ನೀವು ಎಷ್ಟು ದೊಡ್ಡಾಕಿ ಇದ್ರಿ?” ಅದು 1948.
“ದೊಡ್ಡ ಬರ ಬಿದ್ದಾಗ ಮದುವಿ ಆಗಿತ್ತೇನ್ರಿ?” ಅದು 1972ರ ಸುಮಾರು.
“ನವಲಗುಂದದಾಗ ರೈತರ ಮ್ಯಾಲೆ ಗೋಲಿಬಾರ ಆದಾಗ ಯಾವ ಮಗು ತೊಟ್ಟಲದಾಗಿತ್ತು?” ಅದು 1980.

ಇನ್ನೊಂದು ಪ್ರಶ್ನೆ ಮರೆಯಬೇಡಿರಿ: “ತವರುಮನ್ಯಾಗ ನಿಮ್ಮನ್ನ ಏನಂತ ಕರೀತಿದ್ರು?” ನಮ್ಮಲ್ಲಿ ಕೆಲವು ಮನೆಗಳಲ್ಲಿ ಮದುವೆಯಾದಾಗ ಸೊಸೆಯ ಹೆಸರು ಬದಲಿಸುತ್ತಾರೆ. ಎರಡು ಹೆಸರಿದ್ದರೂ ಆಕೆ ಒಬ್ಬಳೇ. ಎರಡನ್ನೂ ಬರೆದುಕೊಳ್ಳಿರಿ.

ಕಾಗದವೂ ತಪ್ಪಬಹುದು, ನೆನಪೂ ತಪ್ಪಬಹುದು. ಇಬ್ಬರು ಮೂವರನ್ನು ಕೇಳಿ ಹೊಂದಿಸಿ ನೋಡಿರಿ.

ಇದರಿಂದ ಏನು ಪ್ರಯೋಜನ?

ಮನೆಯ ಹಿರಿಯರು ತೀರಿದಾಗ ವಾರಸಾ ಮಾಡಿಸಲು ವಂಶಾವಳಿ ಬೇಕು. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದುಂಟು. ಹೆಸರು ಬಿಟ್ಟರೆ ಹಕ್ಕೂ ಕೈಬಿಟ್ಟು ಹೋಗಬಹುದು.

ಹಿಂದೂ ವಾರಸಾ ಕಾಯ್ದೆಗೆ 1994ರಲ್ಲಿ ಕರ್ನಾಟಕ ತಿದ್ದುಪಡಿ ತಂದಿತು. 2005ರಲ್ಲಿ ಇಡೀ ದೇಶಕ್ಕೆ ತಿದ್ದುಪಡಿ ಬಂತು. ಹಿರಿಯರಿಂದ ಬಂದ ಕೂಡು ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಮಗಳಿಗೂ ಇದೆ. ಮದುವೆಯಾದ ಮಗಳಿಗೂ ಇದೆ. 2020ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಹಿಂದೆಯೇ ವಾಟ್ನಿ ಆಗಿದ್ದರೆ ಲೆಕ್ಕ ಬೇರೆ ಆಗಬಹುದು. ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿರಿ. ಹೆಣ್ಣುಮಕ್ಕಳಿಗೆ ಅಲ್ಲಿ ಫೀ ಇಲ್ಲ.

ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿರಿ. ಈಗ ನಿಮಗೆ ಓದು ಬರುತ್ತದೆ.

ಆ ಅಕ್ಕ ಮರುದಿನ ಹೊಸ ನೋಟ್‌ಬುಕ್ಕು ತಂದರು. ಮೊದಲ ಸಾಲಿನಲ್ಲಿ ಆಯಿಯ ಹೆಸರು ಬರೆದರು. ಅದರ ಕೆಳಗೆ ಅವ್ವನ ಹೆಸರು. ಅದರ ಕೆಳಗೆ ತಮ್ಮ ಹೆಸರು. ಕೊನೆಗೆ ಮಗಳ ಹೆಸರು.

ಮಾಡಿ ನೋಡಿರಿ

1. ನಿಮ್ಮ ಅವ್ವನ ಹೆಸರು, ಅಜ್ಜಿಯ ಹೆಸರು, ಮುತ್ತಜ್ಜಿಯ ಹೆಸರು ಬರೆಯಿರಿ.
2. ಅವರ ತವರೂರು ಬರೆಯಿರಿ.
3. ಗೊತ್ತಿಲ್ಲದ್ದನ್ನು ಯಾರಿಗೆ ಕೇಳುತ್ತೀರಿ? ಅವರ ಹೆಸರು ಬರೆಯಿರಿ. ಇದೇ ವಾರ ಹೋಗಿ ಕೇಳಿರಿ.