ದವಡೆಯ ಮೂಳೆಯ ಪುನರ್ನಿರ್ಮಾಣ ಮತ್ತು ಜೈವಿಕ ದ್ರವ್ಯಗಳು

ತಾಂಡವಪುರವನ್ನು ದಾಟಿ ನಂಜನಗೂಡಿಗೆ ಹೋಗುವಾಗ ಕಪಿಲಾ ನದಿಗೆ 1735ರಲ್ಲಿ ಕಟ್ಟಿದ ಕಲ್ಲುಸೇತುವೆ ಕಾಣುತ್ತದೆ. ಕಮಾನನ್ನು ಕಟ್ಟುವ ಕ್ರಮವು ಇತಿಹಾಸದ ವಿದ್ಯಾರ್ಥಿಗಳಿಗೆ ವಿದಿತವೇ ಆಗಿದೆ. ಕಲ್ಲುಗಳು ಒಂದನ್ನೊಂದು ಒತ್ತಿ ನಿಲ್ಲುವವರೆಗೆ ಅಡಿಯಲ್ಲಿ ತಾತ್ಕಾಲಿಕವಾದ ಆಧಾರವಿರಬೇಕು. ಅದನ್ನು ಬೇಗನೆ ತೆಗೆದರೆ ಕಮಾನು ಕುಸಿಯುವುದು, ತೆಗೆಯದೆ ಬಿಟ್ಟರೆ ನೀರಿಗೆ ಅಡ್ಡಿಯಾಗುವುದು. ದವಡೆಯ ಮೂಳೆಯಲ್ಲಿ ಉಂಟಾದ ಕುಳಿಯನ್ನು ತುಂಬಲು ವೈದ್ಯರು ಬಳಸುವ ಜೈವಿಕ ದ್ರವ್ಯಗಳ ಸಮಸ್ಯೆಯೂ ಈ ಬಗೆಯದೇ.

ವಸಡಿನ ರೋಗ, ಗೆಡ್ಡೆ, ಅಪಘಾತ, ಹಲ್ಲು ಕೀಳುವುದು ಮುಂತಾದ ಕಾರಣಗಳಿಂದ ದವಡೆಯ ಮೂಳೆ ನಷ್ಟವಾಗುತ್ತದೆ. ಸಣ್ಣ ಕುಳಿಯನ್ನು ದೇಹವು ತಾನೇ ತುಂಬಿಕೊಳ್ಳಬಲ್ಲದು. ಕುಳಿ ದೊಡ್ಡದಾದರೆ, ಮೂಳೆಗಿಂತ ಶೀಘ್ರವಾಗಿ ಬೆಳೆಯುವ ವಸಡಿನ ಮೃದು ಅಂಗಾಂಶವು ಆ ಸ್ಥಳವನ್ನು ಆಕ್ರಮಿಸುತ್ತದೆ. ಆದುದರಿಂದ ಮೂಳೆ ಬೆಳೆಯುವವರೆಗೆ ಸ್ಥಳವನ್ನು ಕಾಯ್ದಿರಿಸುವುದೇ ಚಿಕಿತ್ಸೆಯ ಮೊದಲ ಉದ್ದೇಶ. ಕೆಲವೊಮ್ಮೆ ತುಂಬಿದ ದ್ರವ್ಯದ ಮೇಲೆ ತೆಳುವಾದ ಪೊರೆಯೊಂದನ್ನು ಹೊದಿಸುವುದೂ ಇದಕ್ಕಾಗಿಯೇ.

1892ರಲ್ಲಿ ಜರ್ಮನಿಯ ಡ್ರೀಸ್‌ಮನ್ ಎಂಬ ವೈದ್ಯನು ಮೂಳೆಯ ಕುಳಿಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ ವರದಿಯನ್ನು ಪ್ರಕಟಿಸಿದನು. ಅದು ಸುಲಭವಾಗಿ ದೊರೆಯುವ ವಸ್ತುವಾದರೂ ಕೆಲವೇ ವಾರಗಳಲ್ಲಿ ಕರಗುವುದರಿಂದ ದೊಡ್ಡ ಕುಳಿಗಳಿಗೆ ಸಾಲದು. ರೋಗಿಯ ಸೊಂಟದಿಂದಲೋ ಗಲ್ಲದಿಂದಲೋ ತೆಗೆದ ಮೂಳೆಯಲ್ಲಿ ಜೀವಕೋಶಗಳಿರುತ್ತವೆ. ಆದಕಾರಣ ಅದು ಇಂದಿಗೂ ಶ್ರೇಷ್ಠವೆನಿಸಿದೆ. ಆದರೆ ಅದಕ್ಕಾಗಿ ರೋಗಿಯು ಎರಡನೆಯ ಗಾಯವನ್ನು ಸಹಿಸಬೇಕು. ಮೂಳೆಯ ಖನಿಜಾಂಶವನ್ನು ಹೋಲುವ ಹೈಡ್ರಾಕ್ಸಿಅಪಟೈಟ್ ಬಹುಕಾಲ ಉಳಿಯುತ್ತದೆ. ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಅದಕ್ಕಿಂತ ಬೇಗನೆ ಕರಗುತ್ತದೆ. ಇವೆರಡನ್ನೂ ಬೆರೆಸಿ ಕರಗುವ ವೇಗವನ್ನು ಹೊಂದಿಸಿಕೊಳ್ಳುವ ಪದ್ಧತಿ ಬೆಳೆದುಬಂದಿತು.

1965ರಲ್ಲಿ ಅಮೆರಿಕದ ಮಾರ್ಷಲ್ ಯೂರಿಸ್ಟ್, ಖನಿಜಾಂಶ ತೆಗೆದ ಮೂಳೆಯನ್ನು ಪ್ರಾಣಿಗಳ ಸ್ನಾಯುವಿನಲ್ಲಿಟ್ಟಾಗ ಅಲ್ಲಿ ಹೊಸ ಮೂಳೆ ಹುಟ್ಟುವುದನ್ನು ತೋರಿಸಿದನು. ದ್ರವ್ಯವು ಕೇವಲ ಆಧಾರವಲ್ಲ, ಜೀವಕೋಶಗಳಿಗೆ ಪ್ರಚೋದನೆಯನ್ನೂ ನೀಡಬಲ್ಲದೆಂಬುದು ಇದರಿಂದ ಸ್ಪಷ್ಟವಾಯಿತು. 2001ರಲ್ಲಿ ಫ್ರಾನ್ಸಿನ ಷುಕ್ರೂನ್ ಮತ್ತು ಸಹೋದ್ಯೋಗಿಗಳು, ರೋಗಿಯ ರಕ್ತವನ್ನೇ ಯಂತ್ರದಲ್ಲಿ ತಿರುಗಿಸಿ ಪಡೆದ ಫೈಬ್ರಿನ್ ಗರಣೆಯನ್ನು ಚಿಕಿತ್ಸೆಗೆ ಬಳಸುವ ವಿಧಾನವನ್ನು ಪ್ರಕಟಿಸಿದರು.

ಆದರೆ ಯಾವ ದ್ರವ್ಯವೂ ತಾನಾಗಿ ಮೂಳೆಯನ್ನು ನಿರ್ಮಿಸದು; ಆ ಕಾರ್ಯಕ್ಕೆ ರಕ್ತಸಂಚಾರವೂ ಜೀವಕೋಶಗಳೂ ಬೇಕು. ಹೊಗೆಸೊಪ್ಪಿನ ಚಟ, ಹತೋಟಿಯಿಲ್ಲದ ಮಧುಮೇಹ, ಉಳಿದುಕೊಂಡ ಸೋಂಕು ಇವು ಉತ್ತಮ ದ್ರವ್ಯವನ್ನೂ ವ್ಯರ್ಥಗೊಳಿಸಬಲ್ಲವು. 1913ರಲ್ಲಿ ಸ್ಥಾಪಿತವಾದ ಸದ್ವೈದ್ಯಶಾಲೆಯಿಂದಾಗಿ ನಂಜನಗೂಡಿನ ಹಲ್ಲುಪುಡಿ ನಾಡಿನಲ್ಲಿ ಮನೆಮಾತಾಗಿದೆ. ಹಲ್ಲುಜ್ಜುವ ಅಭ್ಯಾಸದಿಂದ ವಸಡನ್ನು ಕಾಪಾಡಿಕೊಳ್ಳಬಹುದು. ಕರಗಿಹೋದ ಮೂಳೆಯನ್ನು ಅದರಿಂದ ಮರಳಿ ಪಡೆಯಲಾಗದು. ಆದ್ದರಿಂದ ವಸಡಿನಲ್ಲಿ ರಕ್ತ ಕಾಣಿಸಿಕೊಂಡಾಗಲೇ, ಹಲ್ಲು ಅಲುಗಾಡುವವರೆಗೆ ಕಾಯದೆ, ದಂತವೈದ್ಯರನ್ನು ಕಾಣುವುದು ವಿಹಿತ.