ಮುಪ್ಪಿನ ಆರೈಕೆಗೂ ಓದು ಬೇಕೆ?

ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ಉಪಾಧ್ಯಾಯರಾದವರನ್ನು ತಂದೆತಾಯಂದಿರು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: "ಮುಂದೆ ಹುಡುಗನನ್ನು ಯಾವುದಕ್ಕೆ ಸೇರಿಸೋಣ? ಹುಡುಗಿಗೆ ಏನು ಓದಿಸೋಣ?" ಎಂಜಿನಿಯರಿಂಗು, ವೈದ್ಯಕೀಯ, ಬ್ಯಾಂಕು, ಕಂಪ್ಯೂಟರು, ಈ ನಾಲ್ಕು ಬಾಗಿಲುಗಳನ್ನು ಎಲ್ಲರೂ ಬಲ್ಲರು. ಐದನೆಯದೊಂದು ಬಾಗಿಲು ಈಚೆಗೆ ತೆರೆದಿದೆ. ಅದು ಹಿರಿಯರ ಆರೈಕೆಯ ಸಂಸ್ಥೆಗಳನ್ನೂ ಸೇವೆಗಳನ್ನೂ ನಡೆಸುವ ವಿದ್ಯೆ. "ಮುದುಕರನ್ನು ನೋಡಿಕೊಳ್ಳುವುದಕ್ಕೂ ಓದಬೇಕೆ? ನಮ್ಮ ತಾಯಿ ಯಾವ ಕಾಲೇಜಿಗೆ ಹೋಗಿ ಕಲಿತು ಅಜ್ಜಿಯನ್ನು ನೋಡಿಕೊಂಡಳು?" ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಉತ್ತರವನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ಕಾಲದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸಿನ ನಿರೀಕ್ಷೆ ಸುಮಾರು 32 ವರ್ಷ. ಇಂದು ಅದು ಸುಮಾರು 70. 2011ರ ಜನಗಣತಿಯಲ್ಲಿ 60 ವರ್ಷ ದಾಟಿದವರು ಭಾರತದಲ್ಲಿ 10 ಕೋಟಿಗೂ ಮಿಕ್ಕಿ ಇದ್ದರು. ಕರ್ನಾಟಕದಲ್ಲಿ ನೂರು ಮಂದಿಗೆ ಒಂಬತ್ತಕ್ಕಿಂತ ಹೆಚ್ಚು. ಅಂದಿನಿಂದ ಈ ಸಂಖ್ಯೆ ಏರುತ್ತಲೇ ಇದೆ. ಮನೆಗಳಾದರೋ ಚಿಕ್ಕವಾಗಿವೆ. ಮಗ ಹೊರದೇಶದಲ್ಲಿ, ಮಗಳು ಬೇರೊಂದು ಊರಿನಲ್ಲಿ, ಸೊಸೆ ಕಚೇರಿಯಲ್ಲಿ. ಹಿಂದಿನ ದೊಡ್ಡ ಕುಟುಂಬ ಆರೈಕೆಯನ್ನು ತಾನೇ ಮಾಡುತ್ತಿತ್ತೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಅದನ್ನು ಮಾಡುತ್ತಿದ್ದವರು ಬಹುಮಟ್ಟಿಗೆ ಮನೆಯ ಹೆಂಗಸರು. ಸಂಬಳವಿಲ್ಲದೆ, ರಜೆಯಿಲ್ಲದೆ, ಸಾಕಾಯಿತೆಂದು ಹೇಳುವ ಹಕ್ಕೂ ಇಲ್ಲದೆ ಮಾಡುತ್ತಿದ್ದರು. ಆ ಕೆಲಸ ಈಗ ಮನೆಯಿಂದ ಸಮಾಜದ ಕೈಗೆ ಬರುತ್ತಿದೆ. ಸಮಾಜ ಅದನ್ನು ಹೇಗೆ ಮಾಡಬೇಕೆಂಬುದೇ ಇಲ್ಲಿಯ ವಿಷಯ.

ಮುಪ್ಪಿಗೆ ಸಂಸ್ಕೃತದಿಂದ ಬಂದ ಎರಡು ಮಾತುಗಳು ನಮ್ಮಲ್ಲಿ ಬಳಕೆಯಲ್ಲಿವೆ. ಒಂದು 'ಜರೆ'. ಅದರ ಧಾತುವಿಗೆ ಸವೆಯುವುದು, ಜೀರ್ಣವಾಗುವುದು ಎಂದರ್ಥ. ಇನ್ನೊಂದು 'ವೃದ್ಧ'. ಅದು ಬೆಳೆಯುವುದೆಂಬ ಅರ್ಥದ ಧಾತುವಿನಿಂದ ಬಂದದ್ದು, ವೃದ್ಧನೆಂದರೆ ಬೆಳೆದವನು. ದೇಹ ಸವೆಯುತ್ತದೆ, ವ್ಯಕ್ತಿ ಬೆಳೆದಿರುತ್ತಾನೆ. ಜರೆಯನ್ನು ಮಾತ್ರ ಕಂಡವರು ಹಿರಿಯರನ್ನು ಹಾಸಿಗೆಯ ಮೇಲಿನ ಹೊರೆಯೆಂದು ಎಣಿಸುತ್ತಾರೆ. ವೃದ್ಧರನ್ನು ಮಾತ್ರ ಕಂಡವರು ಕೈಮುಗಿದು ಕುಳಿತುಬಿಡುತ್ತಾರೆ, ಬೆನ್ನಿನ ಹುಣ್ಣನ್ನು ನೋಡುವುದಿಲ್ಲ. ಎರಡನ್ನೂ ಒಟ್ಟಿಗೆ ನೋಡುವ ಕಣ್ಣು ತಾನಾಗಿ ಬರುವುದಿಲ್ಲ. ಅದಕ್ಕೆ ಅಭ್ಯಾಸ ಬೇಕು.

ಇದು ತೀರ ಹೊಸ ವಿಚಾರವೇನೂ ಅಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ಜರೆಯ ಚಿಕಿತ್ಸೆಯೂ ಒಂದು. ಆಧುನಿಕ ವೈದ್ಯದಲ್ಲಿ 'ಜೀರಿಯಾಟ್ರಿಕ್ಸ್' ಎಂಬ ಹೆಸರನ್ನು 1909ರಲ್ಲಿ ಟಂಕಿಸಿದವರು ನ್ಯೂಯಾರ್ಕಿನ ವೈದ್ಯ ಇಗ್ನಾಟ್ಸ್ ನಾಷರ್. ಆ ಗ್ರೀಕ್ ಮಾತಿನ ಮೊದಲರ್ಧವೂ ನಮ್ಮ 'ಜರೆ'ಯೂ ಒಂದೇ ಮೂಲದ ನಂಟರೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವೈದ್ಯೆ ಮಾರ್ಜರಿ ವಾರೆನ್ ಅವರ ವಶಕ್ಕೆ ಪಕ್ಕದ ಬಡವರ ಆಶ್ರಯಾಲಯದ ನೂರಾರು ರೋಗಿಗಳು ಬಂದರು. ಅವರಲ್ಲಿ ಬಹುಮಂದಿ ಗುಣವಾಗದವರೆಂಬ ತೀರ್ಮಾನದಿಂದ ಹಾಸಿಗೆಯಲ್ಲೇ ಬಿದ್ದಿದ್ದವರು. ಆಕೆ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದರು. ಎದ್ದು ಕೂರಿಸಿದರು, ನಡೆಸಿದರು, ಕೋಣೆಗಳಿಗೆ ಬೆಳಕು ಬಣ್ಣ ತಂದರು. ಎಷ್ಟೋ ಮಂದಿ ಎದ್ದು ಮನೆಗೆ ಹೋದರು. ಅವರನ್ನು ಹಾಸಿಗೆಗೆ ಕಟ್ಟಿಹಾಕಿದ್ದುದು ವಯಸ್ಸೊಂದೇ ಅಲ್ಲ, ವ್ಯವಸ್ಥೆಯೂ ಹೌದು ಎಂಬುದು ಆಗ ಲೋಕಕ್ಕೆ ತಿಳಿಯಿತು. ನಮ್ಮ ನೆರೆಯ ಮದರಾಸಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾ. ವಿ. ಎಸ್. ನಟರಾಜನ್ ಅವರು 1978ರಲ್ಲಿ ಹಿರಿಯರಿಗೆಂದೇ ಚಿಕಿತ್ಸಾ ವಿಭಾಗವನ್ನು ಆರಂಭಿಸಿದರು. 1996ರಲ್ಲಿ ಅಲ್ಲಿಯ ವೈದ್ಯಕೀಯ ಕಾಲೇಜಿನಲ್ಲಿ ಈ ವಿಷಯದ ಸ್ನಾತಕೋತ್ತರ ಪದವಿ ಮೊದಲಾಯಿತು.

ಆದರೆ ವೈದ್ಯರ ಓದು ಬೇರೆ, ವ್ಯವಸ್ಥಾಪಕರ ಓದು ಬೇರೆ. ವ್ಯವಸ್ಥಾಪಕರು ಕಲಿಯಬೇಕಾದುದೇನು?

ಮೊದಲನೆಯದು ದೇಹದ ತಿಳಿವಳಿಕೆ. ಮದ್ದು ಬರೆಯುವಷ್ಟು ಬೇಡ, ಅಪಾಯವನ್ನು ಗುರುತಿಸುವಷ್ಟು ಬೇಕು. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ. ಆದುದರಿಂದ 'ಅವರು ನೀರು ಕೇಳಲಿಲ್ಲ' ಎಂಬುದು ಸಮಾಧಾನವಲ್ಲ, ಕೇಳದಿದ್ದರೂ ಕೊಡಬೇಕು. ಮಗ್ಗುಲು ಬದಲಿಸಲಾರದವರನ್ನು ಎರಡು ಗಂಟೆಗೊಮ್ಮೆ ಹೊರಳಿಸುವುದು ಬಹುಕಾಲದ ವಾಡಿಕೆ. ಬಿಟ್ಟರೆ ಚರ್ಮ ಒತ್ತಿ ಹಾಸಿಗೆ ಹುಣ್ಣಾಗುತ್ತದೆ. ಒದ್ದೆ ಬಚ್ಚಲು, ಮಂದ ದೀಪ, ಸಡಿಲ ಚಪ್ಪಲಿ, ನಿದ್ದೆಯ ಮಾತ್ರೆ ಈ ನಾಲ್ಕು ಕೂಡಿದರೆ ಸೊಂಟದ ಮೂಳೆ ಮುರಿಯುವುದಕ್ಕೆ ಬೇರೆ ಕಾರಣ ಬೇಡ. ಇನ್ನು ಮರೆಗುಳಿತನದ ರೋಗವಾದ ಡಿಮೆನ್ಷಿಯಾ. 60 ದಾಟಿದ ಭಾರತೀಯರಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿಗೆ ಅದು ಇರಬಹುದೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಸಂಜೆಯಾದೊಡನೆ "ಮನೆಗೆ ಹೋಗಬೇಕು" ಎಂದು ಬಾಗಿಲಿಗೆ ಬರುವ ಅಜ್ಜಿಯನ್ನು ಗದರಿಸುವುದೂ ಆಗದು, ಬಿಟ್ಟುಬಿಡುವುದೂ ಆಗದು. ಏನು ಮಾಡಬೇಕೆಂಬುದಕ್ಕೆ ಕ್ರಮವುಂಟು, ಅದನ್ನು ಕಲಿಯಬಹುದು.

ಎರಡನೆಯದು ಲೆಕ್ಕ. ಒಂದು ಚಿಕ್ಕ ಉದಾಹರಣೆ ನೋಡಿ. ವೃದ್ಧಾಶ್ರಮದ ಒಂದು ಕೋಣೆಯಲ್ಲಿ ಹಗಲಿರುಳೂ ಒಬ್ಬ ಆರೈಕೆಯವರು ಇರಲೇಬೇಕು. ಎಂಟು ಗಂಟೆಗಳ ಮೂರು ಪಾಳಿ. ಹಾಗಾದರೆ ಮೂವರು ಸಾಕೆಂದು ತೋರುತ್ತದೆ. ಆದರೆ ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ ಮೂವರಿಂದ ಆಗುವುದು 144. ಉಳಿದ 24 ಗಂಟೆ, ಎಂದರೆ ಪೂರ್ತಿ ಒಂದು ಹಗಲೂ ಒಂದು ರಾತ್ರಿಯೂ, ಆ ಕೋಣೆಯಲ್ಲಿ ಯಾರೂ ಇಲ್ಲ; ಅಥವಾ ಇದ್ದವರು ನಿದ್ದೆಗೆಟ್ಟವರು. ಕಾಯಿಲೆ, ಹಬ್ಬ, ಊರಿನ ಜಾತ್ರೆ ಇವುಗಳ ರಜೆಯನ್ನೂ ಸೇರಿಸಿದರೆ ನಾಲ್ವರಿಗೆ ಕಡಿಮೆ ಸಾಗದು. ನಾಲ್ಕನೆಯವರ ಸಂಬಳವನ್ನು ಲೆಕ್ಕಕ್ಕೆ ಹಿಡಿಯದೆ ತೆರೆದ ಸಂಸ್ಥೆಯಲ್ಲಿ ಎಷ್ಟೇ ದಯೆಯಿದ್ದರೂ ರಾತ್ರಿ ಎರಡು ಗಂಟೆಗೆ ಕರೆದವರಿಗೆ ಓಗೊಡುವವರು ಇರುವುದಿಲ್ಲ. ಒಳ್ಳೆಯ ಮನಸ್ಸಿನವರು ಒಂದು ದಿನ ಮಾಡುವುದನ್ನು ಪ್ರತಿದಿನವೂ ಆಗುವಂತೆ ಮಾಡುವುದೇ ವ್ಯವಸ್ಥಾಪಕರ ವಿದ್ಯೆ.

ಮೂರನೆಯದು ಕಾನೂನು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ ಬಗ್ಗೆ 2007ರಲ್ಲಿ ಕೇಂದ್ರದ ಕಾಯಿದೆ ಬಂದಿದೆ. ಮಕ್ಕಳು ಕೈಬಿಟ್ಟರೆ ಹಿರಿಯರು ವಿಶೇಷ ನ್ಯಾಯಮಂಡಳಿಯ ಮುಂದೆ ಪೋಷಣೆ ಕೇಳಬಹುದು. ನೋಡಿಕೊಳ್ಳುವೆನೆಂಬ ಷರತ್ತಿನ ಮೇಲೆ ಆಸ್ತಿಯನ್ನು ಬರೆಸಿಕೊಂಡು ನೋಡಿಕೊಳ್ಳದವರಿಂದ ಆ ದಾನಪತ್ರವನ್ನು ರದ್ದುಮಾಡಿಸಲೂ ಅವಕಾಶವುಂಟು. ಜಿಲ್ಲೆಗೊಂದಾದರೂ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳವುಳ್ಳ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದೆಂದು ಅದೇ ಕಾಯಿದೆಯ 19ನೆಯ ಪ್ರಕರಣ ಹೇಳುತ್ತದೆ. ವೃದ್ಧಾಪ್ಯ ವೇತನ, ಸಂಧ್ಯಾ ಸುರಕ್ಷಾ ಯೋಜನೆ, ಬೆಂಗಳೂರಿನ 1090 ಮತ್ತು ದೇಶಕ್ಕೆಲ್ಲ ಇರುವ 14567 ಎಂಬ ಸಹಾಯವಾಣಿಗಳು, ಇವೆಲ್ಲ ವ್ಯವಸ್ಥಾಪಕರ ನಾಲಗೆಯ ತುದಿಯಲ್ಲಿರಬೇಕು.

ನಾಲ್ಕನೆಯದು ಮಾತು. ಕನ್ನಡ ಮೇಷ್ಟರು ಇದನ್ನು ಕೊನೆಗೆ ಹೇಳಿದರೂ ಕಡಿಮೆಯೆಂದು ಹೇಳುತ್ತಿಲ್ಲ. ಬಂದವರನ್ನೆಲ್ಲ 'ಅಜ್ಜಿ', 'ತಾತ' ಎಂದು ಕರೆದುಬಿಡುವುದು ಪ್ರೀತಿಯೆಂದು ನಮಗೆ ತೋರುತ್ತದೆ. ನಲವತ್ತು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದ ಒಬ್ಬರಿಗೆ ಅದು ಹಿಡಿಸದೆ ಇರಬಹುದು. ತಮ್ಮನ್ನು ಹೇಗೆ ಕರೆಯಬೇಕೆಂದು ಅವರನ್ನೇ ಕೇಳುವುದು ಮರ್ಯಾದೆ. ಊಟ, ಸ್ನಾನ, ಮದ್ದು, ಹಣ ಎಲ್ಲದರಲ್ಲಿಯೂ ಮಕ್ಕಳನ್ನು ಕೇಳುವ ಮೊದಲು ಅವರನ್ನು ಕೇಳುವುದು ಅದೇ ಮರ್ಯಾದೆಯ ಮುಂದುವರಿಕೆ.

ಸರಿ, ಈ ಓದಿಗೆ ದಾರಿ ಯಾವುದು? ಒಂದೇ ದಾರಿಯಿಲ್ಲ. ಪಿ.ಯು.ಸಿ. ಆದ ಮೇಲೆ ನರ್ಸಿಂಗ್ ಓದಿ, ಕೆಲವು ವರ್ಷ ವಾರ್ಡಿನಲ್ಲಿ ದುಡಿದು, ಬಳಿಕ ಆಸ್ಪತ್ರೆಯ ಆಡಳಿತದ ಪದವಿ ಪಡೆಯುವುದು ಒಂದು ದಾರಿ. ಸಮಾಜಕಾರ್ಯದಲ್ಲಿ ಪದವಿ, ಸ್ನಾತಕೋತ್ತರ ಪದವಿ ಪಡೆದು ಹಿರಿಯರ ಕ್ಷೇತ್ರವನ್ನು ಆರಿಸಿಕೊಳ್ಳುವುದು ಇನ್ನೊಂದು. ದೆಹಲಿಯಲ್ಲಿ ಕೇಂದ್ರ ಸರ್ಕಾರದ ಸಾಮಾಜಿಕ ರಕ್ಷಣೆಯ ರಾಷ್ಟ್ರೀಯ ಸಂಸ್ಥೆ ಈ ವಿಷಯದಲ್ಲಿ ತರಬೇತಿಗಳನ್ನು ನಡೆಸುತ್ತ ಬಂದಿದೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ವೃದ್ಧವೈದ್ಯ ಡಿಪ್ಲೊಮಾ ಮಾತ್ರ ಎಂ.ಬಿ.ಬಿ.ಎಸ್. ಆದವರಿಗೆ, ಹೆಸರನ್ನು ನೋಡಿ ಮೋಸಹೋಗಬಾರದು. ಯಾವ ತರಗತಿಗೆ ಸೇರುವುದಿದ್ದರೂ ಮೊದಲು ಒಂದು ಮಾತು ವಿಚಾರಿಸಿ: ನಿಜವಾದ ವೃದ್ಧಾಶ್ರಮದಲ್ಲಿ, ರಾತ್ರಿಯ ಪಾಳಿಯೂ ಸೇರಿದಂತೆ, ಎಷ್ಟು ದಿನ ಕೆಲಸ ಕಲಿಸುತ್ತಾರೆ? ಪುಸ್ತಕದ ಓದು ಮಾತ್ರವಾದರೆ ಅದು ದಡದಲ್ಲಿ ನಿಂತು ಕಲಿತ ಈಜು.

ಕಷ್ಟವನ್ನು ಮುಚ್ಚಿಟ್ಟು ಮಕ್ಕಳನ್ನು ಕಳಿಸಬಾರದು. ಆರಂಭದಲ್ಲಿ ಸಂಬಳ ಹೆಚ್ಚಲ್ಲ. ಗೌರವವೂ ಇನ್ನೂ ಬರಬೇಕಾಗಿದೆ. ವರ್ಷಗಟ್ಟಲೆ ಒಡನಾಡಿದವರ ಸಾವನ್ನು ಮೇಲಿಂದ ಮೇಲೆ ಕಾಣಬೇಕಾಗುತ್ತದೆ. ಅಮೆರಿಕದಲ್ಲಿ ಶುಶ್ರೂಷಾಲಯಗಳ ಆಡಳಿತಗಾರರಿಗೆ ಆಯಾ ರಾಜ್ಯದ ಪರವಾನಗಿ ಇರಲೇಬೇಕೆಂದು 1967ರ ಕಾಯಿದೆ ವಿಧಿಸಿತು. ನಮ್ಮಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಅಂಥ ಪರವಾನಗಿ ಇಲ್ಲ. ಬಸ್ಸು ನಡೆಸುವುದಕ್ಕೆ ಲೈಸೆನ್ಸು ಬೇಕು, ಐವತ್ತು ಮಂದಿ ಹಿರಿಯರ ಬಾಳನ್ನು ನಡೆಸುವುದಕ್ಕೆ ಬೇಡ! ಕಾನೂನು ಕೇಳದಿರುವಾಗಲೇ ಕಲಿತವರ ಅಗತ್ಯ ಹೆಚ್ಚು.

ಮಕ್ಕಳನ್ನು ಈ ಓದಿಗೆ ಕಳಿಸದವರಿಗೂ ಇದರಿಂದ ಒಂದು ಪ್ರಯೋಜನವುಂಟು. ಮನೆಯ ಹಿರಿಯರಿಗಾಗಿ ತಾವು ಎಂದಾದರೂ ಒಂದು ಆಶ್ರಮವನ್ನು ನೋಡಲು ಹೋದರೆ ಹೂದೋಟವನ್ನೂ ಹೊಳೆಯುವ ನೆಲವನ್ನೂ ನೋಡಿ ಮರಳಬೇಡಿ. ರಾತ್ರಿ ಎಚ್ಚರವಾಗಿರುವವರು ಎಷ್ಟು ಮಂದಿ? ಮದ್ದು ಕೊಟ್ಟುದನ್ನು ಬರೆದಿಡುವವರು ಯಾರು? ಈಚೆಗೆ ಯಾರಾದರೂ ಬಿದ್ದದ್ದುಂಟೇ, ಆಮೇಲೆ ಇಲ್ಲಿ ಏನನ್ನು ಬದಲಿಸಿದಿರಿ? ಈ ಮೂರು ಪ್ರಶ್ನೆಗಳನ್ನು ಕೇಳಿ. ಕೋಪಿಸಿಕೊಳ್ಳದೆ ಪುಸ್ತಕ ತೆರೆದು ತೋರಿಸಿದವರು ಈ ವಿದ್ಯೆಯನ್ನು ಬಲ್ಲವರು.