ಗಾಂಧೀಜಿ ಎದುರು ಹಾಡಿದ ಧಾರವಾಡದ ಹುಡುಗಿ: ನಿಮಗಿದು ಗೊತ್ತೆ?

ಕನ್ನಡಿಗರು ಇಂದಿಗೂ ಒಕ್ಕೊರಲಲ್ಲಿ ಹಾಡುವ, ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ’ ಗೀತೆ 1924ರ ಡಿಸೆಂಬರ್‌ನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿತ್ತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು.

ಅಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಧಾರವಾಡದ ಗಂಗೂಬಾಯಿ ಹಾನಗಲ್ ಕೂಡ ಇದ್ದರು. ಆಗ ಅವರಿಗೆ 11 ವರ್ಷ. ಜಾತಿಯ ಕಾರಣಕ್ಕೆ ಊಟಕ್ಕೆ ತನ್ನನ್ನು ಬೇರೆ ಕೂರಿಸಿಬಿಟ್ಟರೆ ಎಂಬ ಅಳುಕು ಆ ಎಳೆಯ ಮನಸ್ಸನ್ನು ಕಾಡಿತ್ತು. ಮುಂದೆ ಅವರೇ ಅದನ್ನು ಹೇಳಿಕೊಂಡರು. ಎಂಥ ಸಂಕಟ! ಅದೇ ಹುಡುಗಿ ಕಿರಾಣಾ ಘರಾಣೆಯ ಮೇರು ಗಾಯಕಿಯಾಗಿ ಬೆಳೆದರು. 2002ರಲ್ಲಿ ಪದ್ಮವಿಭೂಷಣ ಅವರನ್ನು ಅರಸಿ ಬಂತು.

ಹೊಸೂರು, ಡೆಂಕಣಿಕೋಟೆಯ ಕನ್ನಡಿಗರೇ, ನವೆಂಬರ್ 1ರಂದು ಮಕ್ಕಳಿಂದ ‘ಉದಯವಾಗಲಿ’ ಗೀತೆ ಹಾಡಿಸುವಾಗ ಈ ಹುಡುಗಿಯ ಕಥೆಯನ್ನೂ ಹೇಳಿ.